ಪೂರ್ವಕ್ಕೆ ಹಕ್ಕಿಪಾಲು

ಆ ಬೆದರುಬೊಂಬೆ ಕೆರೆಗೆ ಬೆನ್ನು ಹಾಕಿ ನಿಂತಿತ್ತು. ಎರಡು ಗಳು, ಒಂದು ಮಡಕೆ, ಯಾರದೋ ಹರಿದ ಅಂಗಿ. ಅದರ ಸಂಪತ್ತು ಅಷ್ಟೇ. ಕೆರೆಯ ಸುತ್ತ ಉಳಿದೆಲ್ಲ ಹೊಲಗಳ ಬೊಂಬೆಗಳು ನೀರಿನ ಕಡೆಗೆ ಮುಖ ಮಾಡಿ, ತೋಳು ಚಾಚಿ, ಬರುವ ಹಕ್ಕಿಗಳನ್ನು ಗದರಿಸುತ್ತಿದ್ದವು. ಇದೊಂದು ಮಾತ್ರ ಹೊಲದ ಕಡೆಗೆ, ಊರಿನ ಕಡೆಗೆ ನೋಡುತ್ತಿತ್ತು. ಅದರ ಬೆನ್ನ ಹಿಂದೆ, ನೀರಿನಂಚಿನ ಉದ್ದನೆಯ ಪಟ್ಟಿಯಲ್ಲಿ, ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿದ್ದ ಹೆಬ್ಬಾತುಗಳು ನೂರಾರು ಇಳಿದು ಎಳೆ ಹುರುಳಿಯನ್ನು ಮೇಯುತ್ತಿದ್ದವು. ಮೊದಲ ಸಲ ನೋಡಿದಾಗ, ನಿಲ್ಲಿಸಿದವರಿಗೆ ದಿಕ್ಕು ತಿಳಿಯಲಿಲ್ಲವೇನೋ ಎಂದುಕೊಂಡು ನಕ್ಕಿದ್ದೆ.

ಊರಿನಲ್ಲಿ ಇವತ್ತಿಗೂ ನನ್ನ ಹೆಸರೆತ್ತಿದರೆ ಜನ ಒಂದೇ ಮಾತು ಹೇಳುತ್ತಾರೆ: ‘ಪಾಪ, ಕೈತಪ್ಪಿ ಏನೋ ಬರೆದು ಕಸುಬು ಕಳಕೊಂಡಳು.’ ಈ ‘ಪಾಪ’ವನ್ನು ಇಷ್ಟು ವರ್ಷ ಸಹಿಸಿದ್ದೇನೆ. ಇನ್ನು ನನ್ನಿಂದಾಗದು. ವಯಸ್ಸಾಗಿದೆ ನಿಜ, ಆದರೆ ಕೈ ಇನ್ನೂ ನಡುಗುವುದಿಲ್ಲ, ಮರೆವೂ ಬಂದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ನಾನೇ ಬರೆದಿಡುತ್ತಿದ್ದೇನೆ.

ನನ್ನದು ಪತ್ರ ಬರೆಯುವ ಕಸುಬು. ನೋಂದಣಿ ಕಚೇರಿಯ ಎದುರು, ಹೊಂಗೆಮರದ ಕೆಳಗೆ, ಅಪ್ಪನ ಇಳಿಜಾರು ಮೇಜಿತ್ತು. ಮೂವತ್ತೈದು ವರ್ಷ ಅಲ್ಲಿ ಕೂತು ಅವರು ಊರಿನ ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳನ್ನೆಲ್ಲ ಬರೆದರು. ಅವರ ಕಣ್ಣು ಮಂಜಾದ ಮೇಲೆ ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಅವರು ತೀರಿಕೊಂಡ ವರ್ಷ ಪರೀಕ್ಷೆ ಬರೆದು ನನ್ನ ಹೆಸರಿಗೇ ಪರವಾನಗಿ ಪಡೆದೆ. ಹೆಂಗಸು ಬರೆದ ಪತ್ರ ನಿಲ್ಲುತ್ತದೆಯೇ ಎಂದು ಮೂಗು ಮುರಿದವರು ಬೇಕಾದಷ್ಟು ಜನ. ನಾನು ಅಪ್ಪನ ಕರಿ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು ಅದೇ ಮೇಜಿನ ಮುಂದೆ ಕೂತೆ. ಪ್ರತಿ ಪತ್ರದ ಕೊನೆಗೆ, ಸಾಕ್ಷಿಗಳ ರುಜುವಾದ ಮೇಲೆ, ಬರೆದವರು ‘ಬಿಕ್ಕಲಂ’ ಎಂದು ಬರೆದು ತಮ್ಮ ಹೆಸರು ಹಾಕಬೇಕು. ಇದು ನನ್ನ ಲೇಖನಿಯಿಂದ ಬಂದದ್ದು, ಇದಕ್ಕೆ ನಾನೇ ಹೊಣೆ ಎಂದು ಅದರ ಅರ್ಥ. ಎರಡು ವರ್ಷ ಕಳೆಯುವುದರೊಳಗೆ ಊರು ನನಗೆ ‘ಬಿಕ್ಕಲಮ್ಮ’ ಎಂದು ಹೆಸರಿಟ್ಟಿತು. ಗೇಲಿಗೆ ಇಟ್ಟ ಹೆಸರು, ನಿಂತುಬಿಟ್ಟಿತು.

ಕೋಟು ಮತ್ತು ಮೇಜಿನ ಜೊತೆಗೆ ಅಪ್ಪ ನನಗೆ ಇನ್ನೊಂದನ್ನು ಬಿಟ್ಟುಹೋಗಿದ್ದರು. ಅದು ಅವರ ಒಂದು ಕಟ್ಟುನಿಟ್ಟು: ಚಕ್ಕುಬಂದಿಯನ್ನು ಕಣ್ಣಾರೆ ನೋಡದೆ ಬರೆಯಕೂಡದು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ ಎಂದು ಜಮೀನಿನ ನಾಲ್ಕು ಮೇರೆಗಳನ್ನು ಹೇಳುತ್ತೇವಲ್ಲ, ಅದೇ ಚಕ್ಕುಬಂದಿ. ಎಕರೆ ಗುಂಟೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಬಂದರೆ ಕೊನೆಗೆ ಗೆಲ್ಲುವುದು ಚಕ್ಕುಬಂದಿಯೇ. ಪೂರ್ವಕ್ಕೆ ಹಳ್ಳ ಎಂದು ಬರೆದಿದ್ದರೆ, ಅಳತೆ ಏನೇ ಹೇಳಲಿ, ಹಳ್ಳದ ತನಕ ನಿಮ್ಮದು. ಒಂದು ಪದ ಬದಲಾದರೆ ಒಂದು ಹೊಲವೇ ನುಂಗಿಹೋಗಬಹುದು. ಅದಕ್ಕೇ ಅಪ್ಪ ಪ್ರತಿ ಜಮೀನಿಗೂ ನಡೆದುಹೋಗಿ, ನಾಲ್ಕು ಮೂಲೆಯಲ್ಲೂ ನಿಂತು ನೋಡಿ ಬರುತ್ತಿದ್ದರು.

ಇನ್ನು ಆ ಕೆರೆಯಂಚಿನ ಜಮೀನುಗಳ ವಿಷಯ. ನಾನು ಚಿಕ್ಕವಳಿದ್ದಾಗ ಅವುಗಳನ್ನು ಕೇಳುವವರೇ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಎಲ್ಲಿಂದಲೋ ಹೆಬ್ಬಾತುಗಳು ಬಂದು ಇಳಿದರೆ, ಶಿವರಾತ್ರಿಯ ತನಕ ಹುರುಳಿ ಕಡಲೆ ಒಂದನ್ನೂ ತಲೆಯೆತ್ತಲು ಬಿಡುತ್ತಿರಲಿಲ್ಲ. ಗಂಡಿಗೆ ಕೆರೆಯಂಚಿನ ಹೊಲ ಬಿಟ್ಟರೆ ಬೇರೇನಿಲ್ಲ ಎಂದು ತಿಳಿದರೆ ಹೆಣ್ಣು ಕೊಡುವವರು ಹಿಂದೇಟು ಹಾಕುತ್ತಿದ್ದರು. ಆಮೇಲೆ ಒಂದು ಚಳಿಗಾಲ ಪಟ್ಟಣದಿಂದ ಇಬ್ಬರು ದುರ್ಬೀನು ಹಿಡಿದುಕೊಂಡು ಬಂದರು. ಮರುವರ್ಷ ಇಪ್ಪತ್ತು ಜನ ಬಂದರು. ಅದರ ಮರುವರ್ಷ ಭಾನುವಾರ ಬಂತೆಂದರೆ ಏರಿಯ ಮೇಲೆ ಕಾರು ನಿಲ್ಲಿಸಲು ಜಾಗವಿಲ್ಲ. ಟೀ ಅಂಗಡಿ ಬಂತು, ಬೋಂಡಾ ಗಾಡಿ ಬಂತು, ದೂರದವರು ಉಳಿದುಕೊಳ್ಳಲು ಕೋಣೆ ಕೇಳತೊಡಗಿದರು. ಅಲ್ಲಿಗೆ ಹಾಳು ಜಮೀನಿನ ಹಣೆಬರಹ ತಿರುಗಿತು.

ನನ್ನ ಮೇಜಿನ ಮುಂದೆ ಹೊಸ ಭಾಷೆ ಹುಟ್ಟಿಕೊಂಡಿತು. ಮೊದಲು ನೀರಾವರಿ, ಮಳೆಯನ್ನೇ ನಂಬಿದ ಖುಷ್ಕಿ ಎಂದು ಎರಡು ಬಗೆಯ ಜಮೀನಿದ್ದವು. ಈಗ ಹಕ್ಕಿ ಕಾಣುವ ಜಮೀನು, ಹಕ್ಕಿ ಕಾಣದ ಜಮೀನು ಎಂದಾಯಿತು. ಕಾಣುವ ಜಮೀನಿಗೆ ಕಾಣದ ಜಮೀನಿನ ಎಂಟರಷ್ಟು ಬೆಲೆ. ‘ಮೇಡಂ, ಪತ್ರದಲ್ಲಿ ಹಕ್ಕಿ ಕಾಣುವುದು ಅಂತ ಒಂದು ಸಾಲು ಸೇರಿಸಿ’ ಎಂದು ಕೊಳ್ಳುವವರು ದುಂಬಾಲು ಬೀಳುತ್ತಿದ್ದರು. ಹಕ್ಕಿ ನಾಳೆ ಬೇರೆ ಕಡೆ ಕೂತರೆ ಏನು ಮಾಡುತ್ತೀರಿ ಎಂದು ನಾನು ಕೇಳಿದರೆ ನಗುತ್ತಿದ್ದರು. ಮಾರಿದವರು ಮಾರಿದರು. ಮಾರದವರು ಒಬ್ಬೊಬ್ಬರಾಗಿ ಉಳುಮೆ ಬಿಟ್ಟು, ಒಳ್ಳೆಯ ಗಿರಾಕಿ ಬರಲೆಂದು ಹೊಲ ಬೀಳುಗೆಡವಿ ಕಾದರು. ಬೀಳುಬಿದ್ದ ಹೊಲದಲ್ಲಿ ಹೆಬ್ಬಾತಿಗೆ ತಿನ್ನಲು ಏನೂ ಇರುವುದಿಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ. ನನ್ನ ತಲೆಗೂ ಹೋಗಿರಲಿಲ್ಲ, ಸುಳ್ಳೇಕೆ ಹೇಳಲಿ.

ಅಂಥ ಒಂದು ದಿನ ಕರಿಸಿದ್ದಯ್ಯ ನನ್ನ ಮೇಜಿನ ಹತ್ತಿರ ಬಂದ. ಕೆರೆಯ ಪಡುವಣ ದಡದಲ್ಲಿ ಅವನಿಗೆ ಮೂರು ಎಕರೆ ಇತ್ತು. ಅದರ ತೆಂಕಣಕ್ಕೆ ತೀರಿಹೋದ ಅವನ ಅಣ್ಣನ ಪಾಲು ಮೂರು ಎಕರೆ. ಅದನ್ನು ಅತ್ತಿಗೆ ಚೆಲುವಾಜಮ್ಮ ಸಾಗುವಳಿ ಮಾಡುತ್ತಿದ್ದಳು. ಈ ಎರಡು ಪಾಲಿಗೂ ಕೆರೆಯ ನೀರಿಗೂ ನಡುವೆ ಇಪ್ಪತ್ತು ಗುಂಟೆಯ ಉದ್ದನೆಯ ಪಟ್ಟಿಯೊಂದಿತ್ತು. ಅದಕ್ಕೆ ಹಕ್ಕಿಪಾಲು ಎಂದು ಹೆಸರು.

‘ನಂದು ಯಾಪಾರ ಕುದುರ್ತು ಕಣವ್ವ,’ ಅಂದ ಕರಿಸಿದ್ದಯ್ಯ. ‘ಪಟ್ಟಣದ ಸಾಹೇಬ್ರು. ಉದಯಶಂಕರ್ ಅಂತ. ಮನೆ ಕಟ್ಟುಸ್ತಾರಂತೆ, ಹಕ್ಕಿ ನೋಡೋರು ಉಳ್ಕಳಾಕೆ. ಅವ್ರಿಗೆ ನೀರಿನ ತಂಕ ಬೇಕು. ಪೂರ್ವಕ್ಕೆ ಕೆರೆ ಅಂತ ಬರ್ದ್ಬುಡು.’

‘ಹಳೇ ಪತ್ರದಲ್ಲಿ ಪೂರ್ವಕ್ಕೆ ಹಕ್ಕಿಪಾಲು ಅಂತ ಇದೆಯಲ್ಲ, ಸಿದ್ದಯ್ಯ?’

‘ಹಕ್ಕಿಪಾಲು ಅಂದ್ರೇನು, ಕೆರೆ ಅಂದ್ರೇನು? ಎಲ್ಡೂ ಒಂದೇಯ. ಒಂದು ಪದ. ಯಾರ್ ಗಂಟು ಹೋಯ್ತದೆ?’

ಅವನನ್ನು ಕೆಟ್ಟವನೆಂದು ನಾನು ಹೇಳುವುದಿಲ್ಲ. ‘ಹಕ್ಕಿ ಉಂಡ ಹೊಲದವನು’ ಎಂದು ಊರು ಅವನನ್ನು ಆಡಿಕೊಂಡು ನಕ್ಕದ್ದನ್ನು ನಾನೂ ಕೇಳಿದ್ದೆ. ಜೀವನದಲ್ಲಿ ಮೊದಲ ಸಲ ಒಬ್ಬರು ಅವನ ಮಣ್ಣಿಗೆ ಮರ್ಯಾದೆ ಕೊಟ್ಟು ಬೆಲೆ ಹೇಳಿದ್ದರು. ಕಚ್ಚಾ ಪ್ರತಿ ಮಾಡಿ ಕೊಡುತ್ತೇನೆ, ನಾಳೆ ಬಾ ಎಂದು ಕಳಿಸಿದೆ.

ಆ ಹಕ್ಕಿಪಾಲಿನ ಕತೆ ನನಗೆ ಮೊದಲೇ ಗೊತ್ತಿತ್ತು. ಅಣ್ಣತಮ್ಮಂದಿರ ವಿಭಾಗಪತ್ರ ಅಪ್ಪ ಹೇಳಿ ನಾನೇ ಬರೆದದ್ದು. ಅಪ್ಪ ಎರಡು ಪಾಲು ಮಾಡಿ ಮುಗಿಸಿ, ‘ಈ ಇಪ್ಪತ್ತು ಗುಂಟೆ ಯಾರ ಹೆಸರಿಗೆ ಬರೆಯಲಿ?’ ಎಂದು ಕೇಳಿದ್ದರು. ನೀರಿನಂಚಿನ ಆ ಪಟ್ಟಿಯಿಂದ ಒಂದು ಕಾಳೂ ಮನೆಗೆ ಬಂದದ್ದಿಲ್ಲ. ಇಬ್ಬರೂ ನಕ್ಕು, ‘ಹಕ್ಕಿ ಹೆಸ್ರಿಗೇ ಬರ್ದ್ಬುಡಿ’ ಎಂದರು. ಅಪ್ಪ ನಗಲಿಲ್ಲ. ನನ್ನ ಕಡೆ ತಿರುಗಿ ಬರೆಸಿದರು: ‘ಹಕ್ಕಿಪಾಲು ಎಂಬ ಈ ಪಟ್ಟಿಯು ಉಭಯತ್ರರಿಗೂ ಅವಿಭಕ್ತವಾಗಿಯೇ ಇರತಕ್ಕದ್ದು, ಹಿಂದಿನಿಂದ ನಡೆದುಬಂದಂತೆ ಬಿತ್ತಿ ಬಿಡತಕ್ಕದ್ದು.’ ಅಂದರೆ ಒಬ್ಬರ ರುಜುವಿಲ್ಲದೆ ಇನ್ನೊಬ್ಬರು ಅದನ್ನು ಮಾರುವಂತಿಲ್ಲ. ಚೆಲುವಾಜಮ್ಮ ರುಜು ಹಾಕುವವಳಲ್ಲ. ಆದರೆ ‘ಪೂರ್ವಕ್ಕೆ ಕೆರೆ’ ಎಂದು ಬರೆದರೆ ಅವಳನ್ನು ಕೇಳುವ ಪ್ರಮೇಯವೇ ಬರುವುದಿಲ್ಲ. ಕರಿಸಿದ್ದಯ್ಯನ ಮುಂದಿರುವ ಪಟ್ಟಿ ಸದ್ದಿಲ್ಲದೆ ಕ್ರಯಪತ್ರದ ಹೊಟ್ಟೆಗೆ ಹೋಗುತ್ತದೆ.

ನೋಂದಣಿಗೆ ಎರಡು ದಿನ ಇರುವಾಗ ನಾನು ಆ ಜಮೀನು ನೋಡಲು ಹೋದೆ. ಆ ಸಲ ಅಪ್ಪನ ಕ್ರಮವನ್ನು ಹಿಂದುಮುಂದು ಮಾಡಿದ್ದೆ. ಅದೇನೆಂದು ಆಮೇಲೆ ಹೇಳುತ್ತೇನೆ. ಬೆಳಗಿನ ಹೊತ್ತು. ಬೆನ್ನು ಹಾಕಿ ನಿಂತ ಬೆದರುಬೊಂಬೆಯನ್ನು ಕಂಡು ನಾನು ನಕ್ಕದ್ದು ಆಗಲೇ. ಕಳೆ ಕೀಳುತ್ತಿದ್ದ ಚೆಲುವಾಜಮ್ಮ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು. ಗಟ್ಟಿ ಆಳು, ನೆತ್ತಿಯ ಮೇಲೆ ಸೆರಗು, ಕೈಯಲ್ಲಿ ಕುಡುಗೋಲು.

‘ಪತ್ರ ಬರೀತಿದ್ರಲ್ಲ, ಅವ್ರ ಮಗಳಲ್ವೇನವ್ವ ನೀನು? ಅವ್ರ ಕೋಟೇ ಹಾಕ್ಕಂಡಿದೀಯ. ಏನ್ ನಗ್ತಿದ್ದೆ?’

‘ನಿಮ್ಮ ಬೊಂಬೆ ಆ ಕಡೆ ತಿರುಗಿ ನಿಂತಿದೆಯಲ್ಲಮ್ಮ. ಹಕ್ಕಿಗಳು ಅದರ ಬೆನ್ನ ಹಿಂದೆ ತಿನ್ನುತ್ತಿವೆ.’

‘ನಮ್ಮತ್ತೆ ಕಾಲದಿಂದ್ಲೂ ಬೆರ್ಚಪ್ಪ ಹಿಂಗೇ ನಿಂತವ್ನೆ. ಉಣ್ಣಾಕೆ ಕುಂತೋರ್ನ ಯಾರಾರ ದುರುಗುಟ್ಕಂಡು ನೋಡ್ತಾರಾ? ಈ ಕಡೆ ನನ್ನ ಪಾಲು, ಆ ಕಡೆ ಅವುಗಳ್ದು. ಗೆರೆ ದಾಟಿ ಈ ಕಡಿಕೆ ಬಂದ್ರೆ ನಾನೇ ಓಡುಸ್ತೀನಿ. ಅವುಕ್ಕೂ ಗೊತ್ತದೆ.’

ಅವಳ ಅತ್ತೆ ಹಾಕಿಕೊಟ್ಟ ಕ್ರಮ ಅದು. ಮಳೆ ಹಿಂದಾಗುವ ಹೊತ್ತಿಗೆ, ಹೊಲಕ್ಕೆ ಬಿತ್ತುವ ಮೊದಲು, ಇಪ್ಪತ್ತು ಗುಂಟೆಗೆ ಹುರುಳಿ ಎರಚಿ ಬಿಟ್ಟುಬಿಡುವುದು. ಹೆಬ್ಬಾತು ಬಂದಾಗ ಅದು ಎಳೆಯದಾಗಿ, ಹಸಿರಾಗಿ ಕಾಯುತ್ತಿರುತ್ತದೆ. ಅಲ್ಲಿ ಹೊಟ್ಟೆ ತುಂಬಿದರೆ ಅವು ಬೆಳೆಗೆ ಬಾಯಿ ಹಾಕುವುದು ಕಡಿಮೆ. ಒಂದು ಕಾಲಕ್ಕೆ ಕೆರೆ ಸುತ್ತಲಿನವರೆಲ್ಲ ನಾಲ್ಕು ಸಾಲಾದರೂ ಹೀಗೆ ಬಿಡುತ್ತಿದ್ದರಂತೆ. ಈಗ ಅವಳೊಬ್ಬಳೇ.

ಆಚೆ ಏರಿಯ ಮೇಲೆ ಕಾರೊಂದು ನಿಂತಿತ್ತು. ಬಿಳಿ ಟೋಪಿ ಹಾಕಿದ ಒಬ್ಬರು ದುರ್ಬೀನಿನಲ್ಲಿ ನಮ್ಮ ಕಡೆಗೇ ನೋಡುತ್ತಿದ್ದರು. ಚೆಲುವಾಜಮ್ಮ ಕುಡುಗೋಲಿನಿಂದ ಆ ಕಡೆ ತೋರಿಸಿದಳು.

‘ನೋಡವ್ವ, ನನ್ನ ಮೈದ್ನನ ಜಮೀನು ತಗಳೋರು ಅವ್ರೇಯ. ಆ ಹಕ್ಕಿಗಳ ಹೆಸ್ರು, ಅವುಗಳ ಊರು, ಎಲ್ಲಾನೂ ಹೇಳ್ತಾರೆ. ಏನ್ ತಿಂತವೆ ಅಂತ ಒಂದ್ ದಿನ ಕೇಳ್ಲಿಲ್ಲ. ಇದೇ ಹಕ್ಕಿ, ಇದೇ ಹುರ್ಳಿ. ಆವಾಗ ತಿಂತವೆ ಅಂತ ಹಾಳು ಜಮೀನು ಅಂದ್ರು. ಈಗ ತಿನ್ನೋದ ನೋಡ್ಬೌದು ಅಂತ ಚಿನ್ನದ ಜಮೀನು ಅಂತಾರೆ. ಅವ್ರು ಬೆಲೆ ಕಟ್ಟಿರೋದು ಮಣ್ಣಿಗಲ್ಲ ಕಣವ್ವ, ಹಕ್ಕಿಗೆ. ಹಕ್ಕಿ ಬರೋದು ನಾನು ಬಿತ್ತೋದ್ಕೆ. ಇದರ ಮೇಲೆ ಅವ್ರು ಹುಲ್ಲುಹಾಸು ಮಾಡಿ ಕುರ್ಚಿ ಹಾಕುದ್ರೆ, ಅವು ಏನ್ ತಿಂತವೆ, ಕುರ್ಚಿನಾ?’

ನಾನು ಅಪ್ಪನ ಹಾಗೆ ಜಮೀನಿನ ಮೂಲೆಯ ಕಡೆಗೆ ನಡೆದೆ, ಅವಳೂ ಜೊತೆಗೆ ಬಂದಳು.

‘ಹಕ್ಕಿಪಾಲು ಅವ್ನ ಪತ್ರಕ್ಕೆ ಸೇರಾಕಿಲ್ವಲ್ಲ?’ ಎಂದು ಅವಳು ಕೇಳಿದಳು. ‘ನಿಮ್ಮಪ್ಪಾರೇ ಬರ್ಸಿರೋದು. ಅವ್ರು ಬರ್ಸಿದ್ ಮೇಲೆ ಮುಗೀತು ಅಂತ ನಾನು ಸುಮ್ಕಿವ್ನಿ.’

‘ಸೇರುವುದಿಲ್ಲಮ್ಮ,’ ಅಂದೆ. ಹಾಗೆ ಅನ್ನುವಾಗ ನನ್ನ ಕಿವಿ ಎರಡೂ ಬಿಸಿಯಾಗಿದ್ದವು.

ಹಿಂದಿರುಗಿ ಬರುವಾಗ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡೇ ನಡೆದೆ. ಅಪ್ಪನ ಲೇಖನಿ ಅಲ್ಲಿತ್ತು. ಮನೆಗೆ ಬಂದವಳೇ ಛಾಪಾ ಕಾಗದ ತೆಗೆದು, ಮಧ್ಯಾಹ್ನದ ಊಟಕ್ಕೂ ಏಳದೆ ಕ್ರಯಪತ್ರದ ಶುದ್ಧಪ್ರತಿ ಬರೆದು ಮುಗಿಸಿದೆ.

ನೋಂದಣಿಯ ದಿನ ಉದಯಶಂಕರರು ಬಿಳಿ ಟೋಪಿಯಲ್ಲೇ ಬಂದರು. ಮೃದು ಮಾತಿನ, ಸಭ್ಯ ಮನುಷ್ಯ. ನನಗೆ ಮೊದಲು ನಮಸ್ಕಾರ ಹೇಳಿದ್ದೂ ಅವರೇ. ರುಜು ಹಾಕಿಸುವ ಮೊದಲು ಪತ್ರವನ್ನು ಇಬ್ಬರಿಗೂ ಗಟ್ಟಿಯಾಗಿ ಓದಿ ಹೇಳಬೇಕು, ಅದು ಕಸುಬಿನ ನಿಯಮ. ಕೆಲವರು ಗೊಣಗೊಣ ಮಾಡಿ ಮುಗಿಸುತ್ತಾರೆ. ನಾನು ಆ ದಿನ ಒಂದೊಂದೇ ಪದವನ್ನು ಬಿಡಿಸಿ, ಶಾಲೆಯಲ್ಲಿ ಓದುವ ಹಾಗೆ ಓದಿದೆ. ಚಕ್ಕುಬಂದಿ ಬಂತು.

‘ಪೂರ್ವಕ್ಕೆ ಹಕ್ಕಿಪಾಲು.’

ಕರಿಸಿದ್ದಯ್ಯನ ತಲೆ ಥಟ್ಟನೆ ಮೇಲೆದ್ದಿತು. ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಉದಯಶಂಕರರು, ‘ಆಹಾ!’ ಎಂದರು. ‘ಹಕ್ಕಿಪಾಲು! ಎಂಥ ಚೆಂದದ ಹೆಸರು. ಹಾಗೆಂದರೆ ಏನಮ್ಮ?’

‘ಹಕ್ಕಿಗಳಿಗೆ ಸೇರಿದ್ದು ಅಂತ, ಸಾರ್.’

‘ನೋಡಿ, ಹಳ್ಳಿಯವರು ಕೆರೆಯ ದಡಕ್ಕೆ ಹೇಗೆ ಹೆಸರಿಟ್ಟಿದ್ದಾರೆ! ನಮಗೆಲ್ಲ ಇಂಥದ್ದು ಹೊಳೆಯುವುದಿಲ್ಲ. ಸಿದ್ದಯ್ಯನವರೇ, ನಮ್ಮ ವಿಹಾರಗೃಹಕ್ಕೂ ಇದೇ ಹೆಸರು ಇಟ್ಟುಬಿಡೋಣ, ಏನಂತೀರಿ?’

ಕರಿಸಿದ್ದಯ್ಯ ಏನನ್ನುತ್ತಾನೆ? ಅದು ದಡದ ಹೆಸರಲ್ಲ, ಅತ್ತಿಗೆಯೂ ತಾನೂ ಹಂಚಿಕೊಳ್ಳದೆ ಬಿಟ್ಟ ಜಮೀನು ಎಂದರೆ, ಇಡೀ ದಡ ತನ್ನದೆಂದು ಅವರಿಗೆ ಹೇಳಿದ್ದ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಅವನು ನನ್ನನ್ನು ಒಮ್ಮೆ ನೋಡಿ, ‘ಆಗ್ಲಿ ಬುದ್ಧಿ’ ಎಂದ. ‘ಓದಿಸಿ ಕೇಳಿ ತಿಳಿದು ಒಪ್ಪಿ ರುಜು ಮಾಡಿರುತ್ತೇವೆ’ ಎಂಬಲ್ಲಿಗೆ ಓದಿ ನಿಲ್ಲಿಸಿದೆ. ಇಬ್ಬರೂ ರುಜು ಹಾಕಿದರು. ಸಾಕ್ಷಿಗಳಾದ ಮೇಲೆ ನಾನು ಬಿಕ್ಕಲಂ ಬರೆದೆ. ಇನ್ನೂ ಒಂದು ಮಾತು ಸೇರಿಸಿ ಉದಯಶಂಕರರಿಗೆ ಬಿಡಿಸಿ ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದರೆ, ಇಲ್ಲ. ಇರಬೇಕಿತ್ತು ಎಂದು ಕೆಲವರು ಹೇಳಿದ್ದಾರೆ, ಅವರ ಮಾತು ಅವರಿಗಿರಲಿ.

ಒಂದೂವರೆ ತಿಂಗಳಲ್ಲಿ ಅಡಿಪಾಯ ಎದ್ದಿತು. ‘ಹಕ್ಕಿಪಾಲು’ ಎಂದು ಬಣ್ಣದಲ್ಲಿ ಬರೆಸಿದ ದೊಡ್ಡ ಹಲಗೆಯೂ ಬಂತು. ಬೇಲಿ ಹಾಕಲು ಅಳತೆಯವರು ಸರಪಳಿ ಹಿಡಿದು ಪತ್ರವನ್ನು ಓದಿ, ಹುರುಳಿಯ ಪಟ್ಟಿಯ ಈಚೆಗೇ ಕಲ್ಲು ನೆಟ್ಟು, ‘ನಿಮ್ಮದು ಇಲ್ಲಿಗೆ ಮುಗೀತು’ ಎಂದರಂತೆ. ಉದಯಶಂಕರರು ನೀರಿನಂಚಿಗೆ ಹಾಕಿಸಬೇಕೆಂದಿದ್ದ ಮರದ ಮೆಟ್ಟಿಲು, ಕುರ್ಚಿ, ಹುಲ್ಲುಹಾಸು ಎಲ್ಲವೂ ಆ ಕಲ್ಲಿನ ಆಚೆಗೆ ಉಳಿದವು. ಆಚೆಗೆ ಚೆಲುವಾಜಮ್ಮ ಕುಕ್ಕೆ ಹಿಡಿದು ನಿಂತಿದ್ದಳು.

ಅಲ್ಲಿಂದ ಊರು ನನ್ನ ಮೇಲೆ ತಿರುಗಿಬಿತ್ತು. ಕೆರೆ ಸುತ್ತಲಿನ ಹೊಲದವರೆಲ್ಲ ಬಂದು, ‘ನಿನ್ನಿಂದ ನಮ್ಮ ಜಮೀನಿನ ರೇಟು ಬಿದ್ದೋಯ್ತದೆ, ಇನ್ನು ಯಾವ ಸಾಹೇಬ ಈ ಕಡೆ ತಲೆ ಹಾಕ್ತಾನೆ?’ ಎಂದು ಬೈದರು. ನಾನು ತಿರುಗಿ ಬೈದೆ. ನನ್ನ ನಾಲಗೆಯ ಬಗ್ಗೆ ಆ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೆ ಮೇಜಿನ ಮುಂದೆ ಬರುವವರು ಕಡಿಮೆಯಾದರು, ಆಮೇಲೆ ನಿಂತೇ ಹೋದರು. ಕೊನೆಗೆ ಮೇಲಿನ ಕಚೇರಿಯಿಂದ ವಿಚಾರಣೆಗೆ ಕರೆ ಬಂತು.

ವಿಚಾರಣೆಯ ಅಧಿಕಾರಿ ವಯಸ್ಸಾದವರು, ಅಪ್ಪನನ್ನು ಬಲ್ಲವರು. ಒಂದು ಕಡೆ ಉದಯಶಂಕರರು, ಇನ್ನೊಂದು ಕಡೆ ಕರಿಸಿದ್ದಯ್ಯ. ಬಾಗಿಲ ಹತ್ತಿರ ಗೋಡೆಗೊರಗಿ, ಯಾರೂ ಕರೆಯದಿದ್ದರೂ ಬಂದಿದ್ದ ಚೆಲುವಾಜಮ್ಮ. ಅಧಿಕಾರಿ ಮೇಜಿನ ಮೇಲೆ ಎರಡು ಕಾಗದ ಹರಡಿದರು. ಒಂದು ಕ್ರಯಪತ್ರ. ಇನ್ನೊಂದರ ಅಕ್ಷರವನ್ನು ದೂರದಿಂದಲೇ ಗುರುತಿಸಿದೆ.

‘ಈ ಕಚ್ಚಾ ಪ್ರತಿಯನ್ನು ಸಿದ್ದಯ್ಯ ತಂದುಕೊಟ್ಟಿದ್ದಾರೆ. ಅಕ್ಷರ ನಿಮ್ಮದೇ ತಾನೆ?’

‘ನನ್ನದೇ, ಸಾರ್.’

‘ಇದರಲ್ಲಿ ಪೂರ್ವಕ್ಕೆ ಕೆರೆ ಅಂತಿದೆ.’

ಹೌದು. ಇಷ್ಟು ಹೊತ್ತೂ ಹೇಳದೆ ಬಿಟ್ಟದ್ದು ಇದೇ. ಕರಿಸಿದ್ದಯ್ಯ ಕೇಳಿದ ಮರುದಿನ, ಜಮೀನಿಗೆ ಕಾಲಿಡುವ ಮೊದಲೇ, ಅವನು ಹೇಳಿದ ಹಾಗೆಯೇ ನಾನು ಬರೆದುಕೊಟ್ಟಿದ್ದೆ. ನಾನೇ ಬರೆದ ವಿಭಾಗಪತ್ರ ನೆನಪಿದ್ದೂ ಬರೆದೆ. ಎಲ್ಲ ಜಮೀನೂ ಹೇಗಿದ್ದರೂ ಕೈ ಬದಲಾಗುತ್ತಿದೆ, ಇಪ್ಪತ್ತು ಗುಂಟೆ ಹುರುಳಿಗಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂದುಕೊಂಡೆ. ದೊಡ್ಡ ವ್ಯವಹಾರಗಳು ನನ್ನ ಮೇಜಿಗೇ ಬರಲಿ ಎಂಬ ಆಸೆಯೂ ಇತ್ತು. ಅಪ್ಪನ ಕೋಟು ಹಾಕಿಕೊಂಡೇ ಅದನ್ನು ಬರೆದೆ.

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಅವರಿಗೆ ನನ್ನನ್ನು ಉಳಿಸುವ ಮನಸ್ಸಿತ್ತು.

‘ನೋಡಮ್ಮ, ಇದರಿಂದ ನಿಮಗೇ ಅನುಕೂಲ. ಮಾತಾದದ್ದು ಕೆರೆಯ ತನಕ ಅಂತ ಈ ಕಚ್ಚಾ ಪ್ರತಿಯೇ ಹೇಳುತ್ತದೆ. ಶುದ್ಧಪ್ರತಿ ಮಾಡುವಾಗ ಹಳೇ ಪತ್ರ ಮುಂದಿಟ್ಟುಕೊಂಡಿದ್ದಿರಿ, ಕೈತಪ್ಪಿ ಹಳೇ ಪದ ಬಂತು. ಮನುಷ್ಯರೆಂದ ಮೇಲೆ ಆಗುತ್ತೆ. ಕೈತಪ್ಪು ಅಂತ ಬರೆದುಕೊಡಿ, ತಿದ್ದುಪಡಿ ಪತ್ರ ಮಾಡೋಣ. ನಿಮ್ಮ ಪರವಾನಗಿಗೆ ಏನೂ ಆಗೋದಿಲ್ಲ.’

ಅವರು ಹೇಳಿಕೆಯನ್ನು ಆಗಲೇ ಬರೆಸಿಟ್ಟಿದ್ದರು. ನನ್ನ ರುಜುವಿಗೆ ಮಾತ್ರ ಜಾಗ ಖಾಲಿ. ನಾನು ಅದನ್ನು ಎತ್ತಿಕೊಂಡು ಓದಿದೆ. ‘ಕ್ರಯಪತ್ರದಲ್ಲಿ ಹಕ್ಕಿಪಾಲು ಎಂದು ಬರೆದಿರುವುದು ನನ್ನ ಕೈತಪ್ಪಿನಿಂದ ಆಗಿರುತ್ತದೆ.’ ರುಜು ಹಾಕಿದರೆ ಮೇಜು, ಕೋಟು, ಹೊಂಗೆಮರದ ನೆರಳು ಎಲ್ಲ ನನಗೇ ಉಳಿಯುತ್ತಿತ್ತು. ಹಾಕದಿದ್ದರೆ, ಸುಳ್ಳೆಂದು ತಿಳಿದೂ ಕಚ್ಚಾದಲ್ಲಿ ಸುಳ್ಳು ಬರೆದೆ ಎಂದು ನನ್ನ ಬಾಯಿಂದಲೇ ಹೇಳಬೇಕಿತ್ತು, ಅದೂ ಬಾಗಿಲಲ್ಲಿ ನಿಂತ ಆ ಹೆಂಗಸಿನ ಎದುರಿಗೆ. ಅಪ್ಪನ ಬರಹವನ್ನು ನಂಬಿ ಸುಮ್ಮನಿದ್ದವಳು ಅವಳು. ನನಗೆ ಆಗ ಭಯವಾಯಿತು, ನಿಜ. ಭಯಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ಅವರೆಲ್ಲರ ಮೇಲೆ ಸ್ವಲ್ಪ, ನನ್ನ ಮೇಲೆ ಬಹಳ.

‘ತಪ್ಪು ಆಗಿರುವುದು ಹೌದು, ಸಾರ್,’ ಅಂದೆ. ‘ಆಗಿರುವುದು ಕಚ್ಚಾದಲ್ಲಿ. ಅದನ್ನು ಗೊತ್ತಿದ್ದೇ ಬರೆದೆ. ಆಮೇಲೆ ಹೋಗಿ ಜಮೀನು ನೋಡಿದೆ. ಶುದ್ಧಪ್ರತಿಯಲ್ಲಿ ತಪ್ಪಿಲ್ಲ. ಅಲ್ಲಿ ಇರುವುದನ್ನು ಬರೆದಿದ್ದೇನೆ.’

‘ನೀವು ನನಗೆ ಮೋಸ ಮಾಡಿದಿರಿ,’ ಎಂದರು ಉದಯಶಂಕರರು. ಅವರ ಧ್ವನಿಯಲ್ಲಿ ಕೋಪಕ್ಕಿಂತ ನೋವಿತ್ತು. ‘ನಾನು ಕೇಳಿದೆನಲ್ಲಮ್ಮ, ಹಾಗೆಂದರೆ ಏನು ಅಂತ.’

‘ನೀವು ಕೇಳಿದಿರಿ, ನಾನು ಹೇಳಿದೆ. ಹಕ್ಕಿಗಳಿಗೆ ಸೇರಿದ್ದು ಅಂತ. ನೀವು ಅದನ್ನು ಪದ್ಯ ಅಂದುಕೊಂಡಿರಿ. ಅದು ಮೇರೆ.’

ಕರಿಸಿದ್ದಯ್ಯ ನೆಲ ನೋಡುತ್ತಿದ್ದ. ನಾನು ಲೇಖನಿ ತೆಗೆದು, ಹೇಳಿಕೆಯ ‘ಆಗಿರುತ್ತದೆ’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ‘ಆಗಿರುವುದಿಲ್ಲ’ ಎಂದು ಬರೆದೆ. ಕೆಳಗೆ, ಯಾರೂ ಕೇಳದಿದ್ದರೂ, ಬಿಕ್ಕಲಂ ಎಂದು ಬರೆದು ರುಜು ಹಾಕಿದೆ. ಅಧಿಕಾರಿ ಆ ಕಾಗದವನ್ನು ಓದಿ, ‘ನಿಮ್ಮಪ್ಪನ ಹಟವೇ ಹಟ,’ ಎಂದರು. ವಾರದೊಳಗೆ ಪರವಾನಗಿ ರದ್ದಾದ ಪತ್ರ ಮನೆಗೆ ಬಂತು. ಸುಳ್ಳು ಕಚ್ಚಾ ಬರೆದದ್ದಕ್ಕೆ ಅದು ತಕ್ಕ ಶಿಕ್ಷೆಯೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಕ್ರಯಪತ್ರ ಮಾತ್ರ ಇದ್ದ ಹಾಗೆಯೇ ನಿಂತಿತು.

ಹೊರಗೆ ಬಂದಾಗ ಚೆಲುವಾಜಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಉಗಿಯುತ್ತಾಳೆ ಎಂದುಕೊಂಡೆ.

‘ಮೊದ್ಲು ಕೆರೆ ಅಂತ ಬರ್ದಿದ್ದಾ?’

‘ಹೌದಮ್ಮ.’

‘ಆವತ್ತು ಹೊಲದಲ್ಲಿ ನನ್ ಮುಂದೆ ನಿಂತ್ಕಂಡು ಸೇರಾಕಿಲ್ಲ ಅಂದೆ.’

‘ಅಂದೆ. ಅಂದ ಮೇಲೆ ಅಂದ ಹಾಗೆಯೇ ಬರೆದೆ.’

ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ‘ಉಂಡಿದ್ದೀಯೇನವ್ವ?’ ಎಂದು ಕೇಳಿ, ಸೆರಗಿನ ಗಂಟು ಬಿಚ್ಚಿ ಹುರಿದ ಹುರುಳಿಕಾಳು ಕೊಟ್ಟಳು. ಇಬ್ಬರೂ ಅಲ್ಲೇ ಕೂತು ಕಟುಕಟು ಜಗಿದೆವು. ಕ್ಷಮಿಸಿದಳೇ ಇಲ್ಲವೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ವಿಹಾರಗೃಹ ಎದ್ದಿತು. ಹೆಸರಿನ ಹಲಗೆಯನ್ನು ಮಾತ್ರ ಇಳಿಸಿದರು. ಮುಂದೆ ಎತ್ತರದ ಅಟ್ಟಣೆ ಕಟ್ಟಿ, ಮೇಲಿನಿಂದ ದುರ್ಬೀನಿನಲ್ಲಿ ಹಕ್ಕಿ ನೋಡುವ ಏರ್ಪಾಡು ಮಾಡಿದರು. ಸುತ್ತಮುತ್ತಲಿನ ಹೊಲಗಳೆಲ್ಲ ಮಾರಾಟವಾಗಿಯೋ ಬೀಳುಬಿದ್ದೋ ಹೋಗಿದ್ದರಿಂದ, ಹೆಬ್ಬಾತುಗಳು ಇಳಿಯಲು ಹುರುಳಿ ಇದ್ದ ಜಾಗ ಅದೊಂದೇ ಉಳಿದಿತ್ತು. ಎರಡು ಚಳಿಗಾಲ ನೋಡಿದ ಮೇಲೆ ಇದು ಉದಯಶಂಕರರಿಗೂ ಹೊಳೆಯಿತು. ಒಂದು ದಿನ ಅವರೇ ಟೋಪಿ ಕೈಯಲ್ಲಿ ಹಿಡಿದುಕೊಂಡು ಚೆಲುವಾಜಮ್ಮನ ಹತ್ತಿರ ಬಂದರು. ಅರ್ಜಿ ಬರೆದು ಹೇಗೋ ಬದುಕು ನಡೆಸುತ್ತಿದ್ದ ನಾನು, ಬಿಡುವಿನ ದಿನ ಅವಳ ಜೊತೆ ಕಳೆ ಕೀಳಲು ಹೋಗುತ್ತಿದ್ದೆ. ಆ ದಿನವೂ ಅಲ್ಲೇ ಇದ್ದೆ.

‘ಪ್ರತಿ ವರ್ಷ ಹೀಗೇ ಬಿತ್ತುತ್ತಿರಿ ಅಮ್ಮ,’ ಎಂದರು. ‘ಅದಕ್ಕೆ ತಿಂಗಳಿಗಿಷ್ಟು ಅಂತ ನಾನು ಕೂಲಿ ಕೊಡುತ್ತೇನೆ.’

‘ಬಿತ್ತೋದು ಬಿತ್ತೇ ಬಿತ್ತೀನಿ ಬುದ್ಧಿ. ಕೂಲಿ ಬ್ಯಾಡ,’ ಎಂದಳು ಅವಳು. ‘ಕೂಲಿ ಇಸ್ಕಂಡು ಬಿತ್ತುದ್ರೆ ಅದು ಪಾಲಾಗಾಕಿಲ್ಲ, ಮೇವಾಯ್ತದೆ. ಆಮೇಲೆ ನೀವು, ಇಲ್ಲಿ ಬಿತ್ತು, ಅಲ್ಲಿ ಬ್ಯಾಡ, ಇವತ್ತು ನೆಂಟ್ರು ಬಂದವ್ರೆ ನಾಳೆ ಬಿತ್ತು ಅಂತೀರಿ. ಹಕ್ಕಿ ನೋಡ್ಕಳಿ, ನಾನೇನು ಕಣ್ ಕಟ್ಟಿಲ್ಲ. ಈ ಕಲ್ಲು ಮಾತ್ರ ದಾಟ್‌ಬ್ಯಾಡಿ.’

ಅವರು ಟೋಪಿ ಹಾಕಿಕೊಂಡು ಹೊರಟುಹೋದರು. ಆ ಮನುಷ್ಯ ಮತ್ತೆ ಕಲ್ಲು ದಾಟಲಿಲ್ಲ, ಅಷ್ಟು ಹೇಳಲೇಬೇಕು. ಆದರೆ ಅಲ್ಲಿ ಉಳಿಯಲು ಬಂದವರು ದಾಟುತ್ತಿದ್ದರು. ಹತ್ತಿರದಿಂದ ಫೋಟೋ ತೆಗೆಯುವ ಚಪಲಕ್ಕೆ ಹುರುಳಿ ತುಳಿದುಕೊಂಡು ನುಗ್ಗುತ್ತಿದ್ದರು, ಹಕ್ಕಿಗಳು ಒಟ್ಟಿಗೆ ಬೆದರಿ ಏಳುತ್ತಿದ್ದವು.

ರೇಟು ಬಿದ್ದುಹೋಗುತ್ತದೆ ಎಂದು ನನಗೆ ಬೈದಿದ್ದವರ ಹೊಲಗಳ ರೇಟು ಬೀಳಲಿಲ್ಲ, ಏರಿತು. ಹಕ್ಕಿ ತಪ್ಪದೆ ಇಳಿಯುವ ಜಾಗ ಒಂದಾದರೂ ಇತ್ತಲ್ಲ. ಈಗ ಅರ್ಧ ಹರದಾರಿ ಆಚೆಗಿರುವ ಜಮೀನಿನವರೂ ಪತ್ರದಲ್ಲಿ ಎಲ್ಲಾದರೂ ಹಕ್ಕಿಪಾಲಿನ ಹೆಸರು ಬರಲಿ ಎಂದು ಬರಹಗಾರರನ್ನು ಪೀಡಿಸುತ್ತಾರಂತೆ. ನನಗೆ ಒಂದು ಕೃತಜ್ಞತೆಯ ಮಾತನ್ನೂ ಯಾರೂ ಹೇಳಿಲ್ಲ. ಹೇಳಿದರೆ ಏನು ಉತ್ತರ ಕೊಡಬೇಕೆಂದು ತಯಾರಾಗಿಯೇ ಇದ್ದೇನೆ.

ಜನ ನುಗ್ಗುವುದು ಹೆಚ್ಚಾದ ಆ ಚಳಿಗಾಲ, ಒಂದು ಬೆಳಿಗ್ಗೆ, ನಾನು ಅಪ್ಪನ ಕರಿ ಕೋಟನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೊಲಕ್ಕೆ ಹೋದೆ. ಮೇಜಿಲ್ಲದ ಮೇಲೆ ಅದು ಗೂಟಕ್ಕೆ ನೇತುಬಿದ್ದೇ ಇತ್ತು. ಚೆಲುವಾಜಮ್ಮನಿಗೆ ಹೇಳಬೇಕಾಗಲಿಲ್ಲ. ಇಬ್ಬರೂ ಸೇರಿ ಬೆದರುಬೊಂಬೆಯನ್ನು ಕಿತ್ತು, ಹಕ್ಕಿಪಾಲಿನ ಉದ್ದಕ್ಕೂ ಹೊತ್ತುಕೊಂಡು ನಡೆದು, ಅಟ್ಟಣೆಯ ನೇರಕ್ಕೆ, ಕಲ್ಲಿನ ಪಕ್ಕದಲ್ಲೇ ನೆಟ್ಟೆವು. ಹರಿದ ಅಂಗಿ ತೆಗೆದು ಕೋಟು ತೊಡಿಸಿ, ಗುಂಡಿಗಳನ್ನೆಲ್ಲ ಹಾಕಿದೆ.

‘ಈಗ ಅವರ ಕಡೆ ತಿರುಗಿಸೋಣವೇನಮ್ಮ?’ ಎಂದು ಕೇಳಿದೆ.

ಚೆಲುವಾಜಮ್ಮ ನಕ್ಕಳು. ‘ತಿರುಗ್ಸೋದೇನವ್ವ? ಮೊದ್ಲಿಂದ್ಲೂ ಬೆರ್ಚಪ್ಪ ನೋಡ್ತಿರೋದು ಆ ಕಡಿಕೇಯ. ಯಾರ್ನ ಬೆದರಿಸ್ಬೇಕು ಅಂತ ನಮ್ಮತ್ತೆಗೆ ಗೊತ್ತಿತ್ತು.’

ಅಟ್ಟಣೆಯ ಮೇಲೆ ಯಾರೋ ದುರ್ಬೀನು ಎತ್ತಿದರು. ಬೇರೆ ಏನು ಕಂಡಿತೋ ಇಲ್ಲವೋ, ಕರಿ ಕೋಟಂತೂ ಕಂಡಿರಲೇಬೇಕು. ಸ್ವಲ್ಪ ಹೊತ್ತಿಗೆ ಅವರು ದುರ್ಬೀನು ಕೆಳಗಿಳಿಸಿದರು. ಬೊಂಬೆ ಎರಡು ತೋಳನ್ನೂ ಚಾಚಿ ಅವರನ್ನೇ ನೋಡುತ್ತಿತ್ತು. ಅದರ ಬೆನ್ನ ಹಿಂದೆ ಹೆಬ್ಬಾತುಗಳು ಒಂದೊಂದಾಗಿ ಇಳಿದು, ತಲೆ ತಗ್ಗಿಸಿ, ತಮ್ಮ ಪಾಲಿನ ಹುರುಳಿ ತಿನ್ನತೊಡಗಿದವು.